ಪೆಟ್ಟಿಗೆಯ ಮೇಲೆ ಜೂಲ್ ಲೆಕ್ಕ ಕಾಣಬೇಕು

ಮಾನ್ಯರೆ,

ಗೋಡೆ ಕೊರೆಯಲು ಬಳಸುವ ಬ್ಯಾಟರಿಚಾಲಿತ ರೋಟರಿ ಹ್ಯಾಮರ್‌ಗಳ ಜಾಹೀರಾತುಗಳಲ್ಲಿ ವೋಲ್ಟ್ ಎಷ್ಟು, ನಿಮಿಷಕ್ಕೆ ಪೆಟ್ಟು ಎಷ್ಟು ಎಂಬ ಅಂಕಿಗಳೇ ದಪ್ಪಕ್ಷರದಲ್ಲಿರುತ್ತವೆ. ಯಂತ್ರಕ್ಕೆ ಕಾಂಕ್ರೀಟ್ ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನು ಹೇಳುವ ಅಂಕಿ, ಅಂದರೆ ಒಂದು ಪೆಟ್ಟಿನಲ್ಲಿರುವ ಶಕ್ತಿಯ ಜೂಲ್ ಲೆಕ್ಕ, ಕೈಪಿಡಿಯ ಸಣ್ಣಕ್ಷರಗಳ ನಡುವೆ ಎಲ್ಲೋ ಇರುತ್ತದೆ. ಕೆಲವೊಮ್ಮೆ ಅಲ್ಲಿಯೂ ಸಿಗುವುದಿಲ್ಲ. ಗೋಡೆಗೆ ಆ್ಯಂಕರ್ ಬೋಲ್ಟ್ ಕೂರಿಸುವ ಕೆಲಸ ಮಾಡುವ ನನಗೆ ಇದು ಬಹಳ ದಿನಗಳಿಂದ ಕೊರೆಯುತ್ತಿರುವ ವಿಷಯವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸಾಮಾನ್ಯ ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ತಿರುಗಿ ಜಿಗಿಯುವುದರಿಂದ ಪೆಟ್ಟು ಹುಟ್ಟುತ್ತದೆ. ಅಂಥ ಪೆಟ್ಟುಗಳು ನಿಮಿಷಕ್ಕೆ 25,000 ದಾಟಿದರೂ ಒಂದೊಂದೂ ಬಹಳ ಹಗುರ, ಹೀಗಾಗಿ ಯಂತ್ರದ ಹಿಂದೆ ನಿಂತವನು ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತಬೇಕಾಗುತ್ತದೆ. ರೋಟರಿ ಹ್ಯಾಮರ್‌ನಲ್ಲಿ ಮೋಟಾರು ಒಂದು ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತದೆ, ಪಿಸ್ಟನ್ನಿನ ಮುಂದೆ ಸಿಕ್ಕಿಕೊಂಡ ಗಾಳಿ ಅದುಮಿ ಒಂದು ಉಕ್ಕಿನ ಗುಂಡನ್ನು ಎಸೆಯುತ್ತದೆ, ಆ ಗುಂಡು ಗೋಡೆ ಕೊರೆಯುವ ಮೊನೆಯಾದ ಬಿಟ್‌ನ ಬೆನ್ನಿಗೆ ಹೊಡೆಯುತ್ತದೆ. ಪೆಟ್ಟುಗಳು ನಿಮಿಷಕ್ಕೆ ನಾಲ್ಕೈದು ಸಾವಿರ ಮಾತ್ರವಾದರೂ ಪ್ರತಿಯೊಂದಕ್ಕೂ ತೂಕವಿರುತ್ತದೆ. ಇಲ್ಲಿ ಜೋರಾಗಿ ಒತ್ತುವ ಅಗತ್ಯವೇ ಇಲ್ಲ. ಬಿಟ್ ಗೋಡೆಯಿಂದ ಜಾರದಷ್ಟು ಒತ್ತಿದರೆ ಸಾಕು, ಅದಕ್ಕಿಂತ ಹೆಚ್ಚು ಒತ್ತಿದರೆ ಕೊರೆಯುವ ವೇಗ ಹೆಚ್ಚುವ ಬದಲು ತಗ್ಗಬಹುದು. ಹೊಸ ಯಂತ್ರದ ಚಕ್ಕಿನಲ್ಲಿ, ಅಂದರೆ ಬಿಟ್ ಸಿಕ್ಕಿಸುವ ಬಾಯಲ್ಲಿ, ಬಿಟ್ ತುಸು ಹಿಂದೆಮುಂದೆ ಆಡುವುದನ್ನು ಕಂಡು ಸಡಿಲವಾಗಿದೆ ಎಂದು ವಾಪಸ್ ಕೊಡಲು ಹೊರಡುವವರಿದ್ದಾರೆ. ಪೆಟ್ಟು ಬಿಟ್ಟಿಗೆ ಮುಟ್ಟಬೇಕಾದರೆ ಅದು ಹಾಗೆ ಆಡಲೇಬೇಕು.

ಆದ್ದರಿಂದ ಕೊಳ್ಳುವವರು ಮೊದಲು ಕೇಳಬೇಕಾದ್ದು ಜೂಲ್. 6ರಿಂದ 12 ಮಿಲಿಮೀಟರ್ ತೂತುಗಳೇ ಹೆಚ್ಚಾಗಿರುವ ಕೆಲಸಕ್ಕೆ 2 ಜೂಲ್ ಆಸುಪಾಸಿನ, ಎಸ್‌ಡಿಎಸ್ ಪ್ಲಸ್ ಬಿಟ್ (ಚಕ್ಕಿಗೆ ಸಿಕ್ಕಿಸುವ ಹಿಂಬದಿ 10 ಮಿಲಿಮೀಟರ್ ದಪ್ಪವಿರುವ ಬಗೆ) ಹಿಡಿಯುವ ಯಂತ್ರ ಧಾರಾಳವಾಯಿತು. ಪೆಟ್ಟಿಗೆಯ ಮೇಲೆ ಗರಿಷ್ಠ 26 ಮಿಲಿಮೀಟರ್ ಎಂದಿದ್ದರೆ ಅದು ಆಗೊಮ್ಮೆ ಈಗೊಮ್ಮೆ ಮಾಡಬಹುದಾದ ಕೆಲಸವೆಂದು ತಿಳಿಯಬೇಕೇ ಹೊರತು ದಿನವಿಡೀ ಮಾಡಬಹುದಾದದ್ದೆಂದಲ್ಲ. ಜೂಲ್ ಅಂಕಿಯನ್ನು ಹೋಲಿಸುವಾಗಲೂ ಎರಡೂ ಯಂತ್ರಗಳನ್ನು ಒಂದೇ ವಿಧಾನದಲ್ಲಿ ಅಳೆದಿದ್ದಾರೆಯೇ ಎಂದು ನೋಡಬೇಕು. ಯುರೋಪಿನ ವಿದ್ಯುತ್ ಉಪಕರಣ ತಯಾರಕರ ಸಂಘವಾದ ಎಪ್ಟಾ ರೂಪಿಸಿದ ಪರೀಕ್ಷಾ ವಿಧಾನವನ್ನು ಅನೇಕ ತಯಾರಕರು ಅನುಸರಿಸುತ್ತಾರೆ.

ವೋಲ್ಟಿನ ವಿಷಯದಲ್ಲಂತೂ ಗೊಂದಲ ವಿಪರೀತ. 18 ವೋಲ್ಟ್ ಎಂದೂ 20 ವೋಲ್ಟ್ ಮ್ಯಾಕ್ಸ್ ಎಂದೂ ಮಾರುವ ಬ್ಯಾಟರಿಗಳಲ್ಲಿ ಇರುವುದು ಸರಣಿಯಲ್ಲಿ ಜೋಡಿಸಿದ ಅದೇ ಐದು ಲಿಥಿಯಂ ಕೋಶಗಳು. ಒಂದು ಅಂಕಿ ಕೆಲಸದ ನಡುವಿನ ಸರಾಸರಿಯನ್ನೂ ಇನ್ನೊಂದು ಆಗತಾನೆ ಚಾರ್ಜ್ ಆದಾಗಿನ ಮಟ್ಟವನ್ನೂ ಹೇಳುತ್ತದೆ, ಅಷ್ಟೆ. ವ್ಯತ್ಯಾಸ ಇರುವುದು ಆಂಪಿಯರ್-ಅವರ್ ಲೆಕ್ಕದಲ್ಲಿ, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ತನ್ನು ತುಂಬಿಕೊಳ್ಳಬಲ್ಲದು ಎಂಬುದರಲ್ಲಿ. ಐದೇ ಕೋಶಗಳ 2 ಆಂಪಿಯರ್-ಅವರ್ ಬ್ಯಾಟರಿ ಕಾಂಕ್ರೀಟಿನ ಭಾರಕ್ಕೆ ಬೇಗ ಬಿಸಿಯಾಗಿ ಸೊರಗುತ್ತದೆ. ಐದೈದರ ಎರಡು ಸಾಲುಗಳಾಗಿ ಹತ್ತು ಕೋಶಗಳಿರುವ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಶಕ್ತಿಯಿದ್ದು, ಅದೇ ಯಂತ್ರ ಬೇರೆಯದೇ ಹುರುಪಿನಲ್ಲಿ ನಡೆಯುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಾಗಿದ್ದರೂ ಗೋಡೆ ಯಾವುದೆಂದು ತಿಳಿಯದೆ ಕೊರೆಯುವುದು ಸಲ್ಲದು. ಟೊಳ್ಳು ಇಟ್ಟಿಗೆಗೆ ಹ್ಯಾಮರ್ ಪೆಟ್ಟು ಬಿದ್ದರೆ ಒಳಗಿನ ತೆಳು ಗೋಡೆಗಳು ಪುಡಿಯಾಗಿ, ಹೊರಗೆ ಸಣ್ಣದಾಗಿ ಕಾಣುವ ತೂತಿನ ಹಿಂದೆ ದೊಡ್ಡ ಪೊಳ್ಳು ಉಳಿಯುತ್ತದೆ. ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಪ್ಲಗ್ಗಿಗೆ ಕಚ್ಚಿಕೊಳ್ಳಲು ಏನೂ ಇರುವುದಿಲ್ಲ. ಗಾಳಿಗುಳ್ಳೆಗಳಿಂದ ಹಗುರವಾದ ಎಎಸಿ ಕಾಂಕ್ರೀಟ್ ಬ್ಲಾಕಿನಲ್ಲಿಯೂ ಪೆಟ್ಟನ್ನು ನಿಲ್ಲಿಸಿ ಬರೀ ತಿರುಗಣೆಯಲ್ಲೇ ಕೊರೆಯಬೇಕು. ಹೀಗಾಗಿ ಪೆಟ್ಟನ್ನು ಪೂರ್ತಿ ಬಂದ್ ಮಾಡುವ ಗುಂಡಿ ಇಲ್ಲದ ಯಂತ್ರವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಬಿಟ್ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಾಗ ಯಂತ್ರವೇ ತಿರುಗಿ ಮಣಿಕಟ್ಟು ಮುರಿಯದಂತೆ ಜಾರುವ ಕ್ಲಚ್ ಹಾಗೂ ಪಕ್ಕದ ಹಿಡಿ ಎರಡೂ ಇರಲೇಬೇಕು.

ಕೊರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನೊಡನೆ ಒಳಹೋದರೆ ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ರೋಗ ಬರುತ್ತದೆ. ಧೂಳು ಹೀರುವ ಜೋಡಣೆಯನ್ನು ಐಚ್ಛಿಕ ಪರಿಕರವೆಂದು ಬೇರೆಯಾಗಿ ಮಾರುವುದು ನನಗೆ ಸರಿಕಾಣದು. ಕಂಪನದ ಅಂಕಿಯೂ ಅಷ್ಟೇ ಮುಖ್ಯ. ಯುರೋಪಿನ 2002ರ ನಿರ್ದೇಶನವು ಎಂಟು ಗಂಟೆಯ ಸರಾಸರಿಯಾಗಿ ಕೈಗೆ ತಾಗುವ ಕಂಪನ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ಮುಟ್ಟಿದೊಡನೆ ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳಬೇಕೆಂದೂ 5 ಮೀಟರ್ ಮೀರಲೇಬಾರದೆಂದೂ ಹೇಳುತ್ತದೆ. ಕಂಪನ 10 ಮೀಟರ್ ಇರುವ ಯಂತ್ರವನ್ನು ಹಿಡಿದವನು ಮೊದಲನೆಯ ಗೆರೆಯನ್ನು ಅರ್ಧ ಗಂಟೆಯಲ್ಲೂ ಎರಡನೆಯದನ್ನು ಎರಡು ಗಂಟೆಯಲ್ಲೂ ಮುಟ್ಟುತ್ತಾನೆ.

ಉಪಕರಣಗಳ ಪರಿಚಯ ಲೇಖನ ಪ್ರಕಟಿಸುವಾಗ ತಮ್ಮ ಪತ್ರಿಕೆಯು ಜೂಲ್ ಮತ್ತು ಕಂಪನದ ಅಂಕಿಗಳನ್ನು ತಯಾರಕರಿಂದ ಕೇಳಿ ಪಡೆದು ಅಚ್ಚು ಹಾಕಬೇಕೆಂದು ಕೋರುತ್ತೇನೆ. ತೂಕವನ್ನು ಬ್ಯಾಟರಿ ಸೇರಿಸಿಯೇ ಕೊಡಬೇಕು. ದೊಡ್ಡ ಬ್ಯಾಟರಿಯೊಂದೇ ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ, ಚಾವಣಿಗೆ ತೂತು ಕೊರೆಯುವವನು ಅದನ್ನೂ ತಲೆಯ ಮೇಲೆ ಎತ್ತಿ ಹಿಡಿಯಬೇಕು.

ಇಂತಿ,
ಕಟ್ಟಡ ಕೆಲಸದ ಒಬ್ಬ ಓದುಗ