ನೇರಳೆ ಟೊಮೆಟೊ: ಯಾವ ನೇರಳೆ ಎಂದು ಮೊದಲು ಹೇಳಿ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಶೀಟು ಹೊದಿಸಿದ ಪಾಲಿಹೌಸ್‌ನಲ್ಲಿ ನೇರಳೆ ಟೊಮೆಟೊ ಬೆಳೆದು ಕೈತುಂಬ ಕಾಸು ಮಾಡಬಹುದು ಎಂಬ ಬರಹ ಈಚೆಗೆ ತಮ್ಮ ಕೃಷಿ ಪುಟದಲ್ಲಿ ಬಂದಿತ್ತು. ಅದನ್ನು ಎಷ್ಟು ಜನ ಓದಿದರೆಂಬುದು ತಮಗಿಂತ ಮೊದಲು ನನಗೇ ಗೊತ್ತಾಗಿರಬೇಕು. ಹಳೇಬೀಡಿನ ಹತ್ತಿರ ನಮ್ಮದು ಸಸಿ ನರ್ಸರಿ. ಟೊಮೆಟೊ, ಮೆಣಸಿನಕಾಯಿ, ಬದನೆ, ಕೋಸು, ಯಾವ ಬೀಜ ತಂದುಕೊಟ್ಟರೂ ಟ್ರೇನಲ್ಲಿ ಸಸಿ ಮಾಡಿ ಕೊಡುತ್ತೇವೆ. ಬರಹ ಬಂದದ್ದೇ ತಡ, ಬೇಲೂರು, ಅರಸೀಕೆರೆ, ಸಖರಾಯಪಟ್ಟಣದ ಕಡೆಯವರೆಲ್ಲ ಪೊಟ್ಟಣ ಹಿಡಿದು ಬರತೊಡಗಿದರು. ‘ಅಕ್ಕಾ, ಕಪ್ಪು ಟೊಮೆಟೊ ಇದು, ಅಮೆರಿಕದ್ದು. ಒಂದು ಬೀಜಾನೂ ಹಾಳಾಗ್ಬಾರ್ದು ನೋಡಿ’ ಎನ್ನುತ್ತಾರೆ. ಪೊಟ್ಟಣ ತಿರುಗಿಸಿ ನೋಡಿದರೆ ಹಣ್ಣಿನ ಚಿತ್ರ ಇದೆ, ತಳಿಯ ಹೆಸರಿಲ್ಲ. ಲಾಟ್ ನಂಬರ್ ಇಲ್ಲ, ಮೊಳಕೆ ಪ್ರಮಾಣ ಇಲ್ಲ, ಯಾರು ಪ್ಯಾಕ್ ಮಾಡಿದರು ಎಂಬುದೂ ಇಲ್ಲ. ಹತ್ತು ಬೀಜಕ್ಕೆ ನೂರೈವತ್ತು ರೂಪಾಯಿ. ಒಂದು ಪೊಟ್ಟಣದಲ್ಲಂತೂ ಹಣ್ಣು ಹೊರಗೂ ಆಕಾಶ ನೀಲಿ, ಕೊಯ್ದ ಹೋಳೂ ಆಕಾಶ ನೀಲಿ. ಅಂಥ ಟೊಮೆಟೊ ಕಂಪ್ಯೂಟರ್‌ನಲ್ಲಿ ಬಿಟ್ಟರೆ ಯಾವ ಹೊಲದಲ್ಲೂ ಬೆಳೆಯುವುದಿಲ್ಲ.

ನೇರಳೆ ಟೊಮೆಟೊ ಮೇಲೆ ನನಗೇನೂ ಸಿಟ್ಟಿಲ್ಲ. ನರ್ಸರಿಯ ಹಿಂದಿರುವ ಹತ್ತು ಗುಂಟೆ ಪಾಲಿಹೌಸ್‌ನಲ್ಲಿ ನಾನೂ ಕೆಲವು ಸಾಲು ಬೆಳೆಯುತ್ತೇನೆ, ಮುಂದೆಯೂ ಬೆಳೆಯುತ್ತೇನೆ. ಆದರೆ ಆ ಬರಹದಲ್ಲಿ ಎಲ್ಲ ಕಪ್ಪು ಹಣ್ಣನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟಿದ್ದಾರೆ. ಅಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಗೆ.

ಹಳೆಯ ಬಗೆ ಎಂದರೆ ಚೆರೋಕೀ ಪರ್ಪಲ್, ಬ್ಲ್ಯಾಕ್ ಕ್ರಿಮ್ ಮುಂತಾದ ನಾಟಿ ತಳಿಗಳು. ಮೊದಲನೆಯದು ಅಮೆರಿಕದ ಟೆನ್ನೆಸ್ಸಿ ಕಡೆಯದು, ಎರಡನೆಯದು ಕ್ರೈಮಿಯಾದ್ದು. ಬೇರೆ ಟೊಮೆಟೊ ಹಣ್ಣಾಗುವಾಗ ಪತ್ರಹರಿತ್ತು ಪೂರ್ತಿ ಕರಗಿ ಕೆಂಪು ಉಳಿಯುತ್ತದೆ. ಇವುಗಳಲ್ಲಿ ಹಸಿರು ಕರಗದೆ ಕೆಂಪಿನ ಜೊತೆ ಸೇರಿಕೊಳ್ಳುತ್ತದೆ, ಅದರಿಂದ ಕಂದುಮಿಶ್ರಿತ ಮಾಸಲು ನೇರಳೆ ಬರುತ್ತದೆ. ರುಚಿಯಲ್ಲಿ ಇವನ್ನು ಮೀರಿಸುವುದು ಕಷ್ಟ. ಮೈ ಮೆತ್ತಗೆ, ತೊಟ್ಟಿನ ಸುತ್ತ ಬಿರುಕು ಬಿಡುತ್ತದೆ, ಹಾಸನದವರೆಗೆ ಬಸ್ಸಿನಲ್ಲಿ ಕಳಿಸಿದರೆ ಅರ್ಧ ಹಣ್ಣು ರಸವಾಗಿ ಇಳಿಯುತ್ತದೆ. ನೇರಳೆ ಮರದ ಹಣ್ಣಿನಲ್ಲಿ, ಬದನೆ ಸಿಪ್ಪೆಯಲ್ಲಿ ಇರುವ ಆಂಥೋಸಯನಿನ್ ಬಣ್ಣಕ್ಕೂ ಇವಕ್ಕೂ ನಂಟಿಲ್ಲ.

ಆ ಆಂಥೋಸಯನಿನ್ ಇರುವುದು ಇಂಡಿಗೋ ರೋಸ್ ಎಂಬ ತಳಿಯಲ್ಲಿ. ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯ ಇದನ್ನು 2012ರಲ್ಲಿ ಬಿಡುಗಡೆ ಮಾಡಿತು. ಚಿಲಿ ದೇಶದ ಕಡೆಯ ಮತ್ತು ಗ್ಯಾಲಪಗೋಸ್ ದ್ವೀಪದ ಕಾಡು ಟೊಮೆಟೊಗಳ ಗುಣವನ್ನು ಸಾಮಾನ್ಯ ತಳಿ ಸಂಕರಣದಿಂದಲೇ ತಂದು ಕೂಡಿಸಿದ್ದು. ಬಣ್ಣ ಸಿಪ್ಪೆಯಲ್ಲಿ ಮಾತ್ರ, ಕೊಯ್ದರೆ ಒಳಗೆ ಸಾದಾ ಕೆಂಪು. ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಉಳಿಸಿಕೊಂಡರೆ ಮರುವರ್ಷ ಅದೇ ಗಿಡ ಬರುತ್ತದೆ.

ಕೊಯ್ದರೆ ಒಳಗೂ ನೇರಳೆ ಇರುವುದು ಮೂರನೆಯ ಬಗೆ, ಬರಹದ ಜೊತೆ ಹಾಕಿದ್ದ ಚಿತ್ರ ಇದರದ್ದೇ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಸೆಂಟರ್‌ನಲ್ಲಿ ಕ್ಯಾಥಿ ಮಾರ್ಟಿನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಸ್ನಾಪ್‌ಡ್ರ್ಯಾಗನ್ ಹೂವಿನ ಎರಡು ಜೀನ್ ಸೇರಿಸಿ ಮಾಡಿದ ಕುಲಾಂತರಿ ಟೊಮೆಟೊ ಅದು. ಇದರ ಬೀಜವನ್ನು ಅಮೆರಿಕದಲ್ಲಿ ಮನೆ ಹಿತ್ತಲಲ್ಲಿ ಬೆಳೆಯುವವರಿಗೆ 2024ರಿಂದ ಮಾರುತ್ತಿದ್ದಾರೆ. ನಮ್ಮ ದೇಶದಲ್ಲಿ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಸಮಿತಿಯ ಒಪ್ಪಿಗೆ ಇಲ್ಲದೆ ಕುಲಾಂತರಿ ಬೆಳೆ ಬೆಳೆಯುವಂತಿಲ್ಲ. ಬಿಟಿ ಬದನೆಯನ್ನೇ 2010ರಲ್ಲಿ ತಡೆಹಿಡಿದ ದೇಶ ಇದು. ಅಂದಮೇಲೆ ಅಮೆರಿಕದಲ್ಲಿರುವ ಅಳಿಯ ಸೂಟ್‌ಕೇಸ್‌ನಲ್ಲಿ ತಂದ ಬೀಜವನ್ನು ನರ್ಸರಿಗೆ ಕೊಟ್ಟು ‘ಸಸಿ ಮಾಡಿ’ ಎಂದರೆ ನಾನು ಎಲ್ಲಿಗೆ ಹೋಗಲಿ? ಕುಲಾಂತರಿ ಅಲ್ಲದಿದ್ದರೂ ಹೊರದೇಶದ ಬೀಜ ಸಸ್ಯ ಕ್ವಾರಂಟೈನ್ ದಾಟಿ ಬರಬೇಕು. ಟೊಮೆಟೊಗೆ ಬರುವ ಕೆಲವು ವೈರಸ್ ಬೀಜದ ಸಿಪ್ಪೆಗೆ ಅಂಟಿಕೊಂಡೇ ಬರುತ್ತವೆ, ಆಮೇಲೆ ಸಸಿ ಮುಟ್ಟಿದ ಕೈಯಿಂದ ಕೈಗೆ ಹರಡುತ್ತವೆ. ಒಬ್ಬರ ಹತ್ತು ಬೀಜದಿಂದ ನನ್ನ ಟ್ರೇಗಳೆಲ್ಲ ಹೋಗುತ್ತವೆ.

ಈಗ ಪಾಲಿಹೌಸ್ ವಿಷಯ. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ಇಂಡಿಗೋ ರೋಸ್ ಬಗೆಯ ಹಣ್ಣಿಗೆ ಬಣ್ಣ ಕಟ್ಟುವುದು ಬಿಸಿಲು. ಬಿಸಿಲಿನಲ್ಲಿರುವ ನೀಲಿ ಮತ್ತು ಅತಿನೇರಳೆ ಕಿರಣಗಳು ಸಿಪ್ಪೆಗೆ ನೇರ ತಾಗಬೇಕು. ಗೋಲಿ ಗಾತ್ರದ ಹಸಿರು ಕಾಯಿ ಇದ್ದಾಗಲೇ ಬಿಸಿಲು ಬೀಳುವ ಭುಜ ಕಪ್ಪಾಗುತ್ತ ಬರುತ್ತದೆ. ಮಧ್ಯೆ ಒಂದು ಎಲೆ ಅಡ್ಡ ನಿಂತಿದ್ದರೆ ಆ ಎಲೆಯ ಅಚ್ಚು ಕಾಯಿಯ ಮೇಲೆ ಹಸಿರಾಗಿಯೇ ಉಳಿಯುತ್ತದೆ. ಹಣ್ಣಾದ ಮೇಲೆ ತೊಟ್ಟು ಕಿತ್ತು ನೋಡಿ, ಅದು ಮುಚ್ಚಿದ್ದ ಜಾಗದಲ್ಲಿ ನಕ್ಷತ್ರದ ಆಕಾರದ ತಿಳಿ ಗುರುತು ಇರುತ್ತದೆ. ಬದನೆಕಾಯಿ ಹೆಚ್ಚುವಾಗ ತೊಟ್ಟಿನಡಿ ಬೆಳ್ಳಗಿರುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಅಲ್ಲೂ ಕಾರಣ ಇದೇ.

ಪಾಲಿಹೌಸ್‌ಗೆ ನಾವು ಹೊದಿಸುವ 200 ಮೈಕ್ರಾನ್ ಶೀಟು ಬಿಸಿಲಿಗೆ ಬೇಗ ಪುಡಿಯಾಗದಿರಲೆಂದು ಅದಕ್ಕೆ ಯುವಿ, ಅಂದರೆ ಅತಿನೇರಳೆ ಕಿರಣ, ತಾಳುವ ಮದ್ದು ಸೇರಿಸಿರುತ್ತಾರೆ. ಅತಿನೇರಳೆ ಕಿರಣದ ಹೆಚ್ಚಿನ ಪಾಲು ಅಲ್ಲಿಗೇ ನಿಲ್ಲುತ್ತದೆ. ಕೆಲವು ಶೀಟುಗಳಲ್ಲಿ ಬೇಕೆಂದೇ ಇನ್ನೂ ಬಿಗಿಯಾಗಿ ತಡೆದಿರುತ್ತಾರೆ. ಎಲೆ ಮುಟುರು ರೋಗ ಹರಡುವ ಬಿಳಿ ನೊಣಕ್ಕೆ ಆ ಬೆಳಕಿಲ್ಲದಿದ್ದರೆ ದಾರಿ ಕಾಣುವುದಿಲ್ಲ. ಕೆಂಪು ಟೊಮೆಟೊ, ದೊಣ್ಣೆ ಮೆಣಸಿನಕಾಯಿಗೆ ಇದು ಒಳ್ಳೆಯದೇ. ಬಣ್ಣಕ್ಕಾಗಿಯೇ ಬೆಳೆಯುವ ಟೊಮೆಟೊಗೆ ಮಾತ್ರ ಶೀಟೇ ಶತ್ರು.

ನಮ್ಮ ಪಾಲಿಹೌಸ್‌ನಲ್ಲಿ ಯಾರು ಬೇಕಾದರೂ ಬಂದು ನೋಡಬಹುದು. ದಕ್ಷಿಣದ ಪಕ್ಕದ ಪರದೆ ಸುತ್ತಿಟ್ಟರೆ ಅಲ್ಲಿ ಕೀಟ ತಡೆಯುವ ನೆಟ್ ಮಾತ್ರ ಉಳಿಯುತ್ತದೆ. ಡಿಸೆಂಬರ್ ಬಿಸಿಲು ಓರೆಯಾಗಿ ಅಲ್ಲಿಂದಲೇ ಬೀಳುತ್ತದೆ. ಆ ಅಂಚಿನ ಸಾಲಿನ ಹಣ್ಣಿನ ಭುಜ ಕಡುಗಪ್ಪು. ಅದೇ ಬೀಜ, ಅದೇ ಟ್ರೇ, ಅದೇ ಗೊಬ್ಬರ, ಆದರೆ ನಡುಸಾಲಿನಲ್ಲಿ ಹೊಗೆ ಹಿಡಿದ ಗೋಡೆಯಂತೆ ತೊಟ್ಟಿನ ಸುತ್ತ ಒಂದಿಷ್ಟು ಮಸುಕು, ಉಳಿದದ್ದೆಲ್ಲ ಕೆಂಪು. ವಾರಾಂತ್ಯಕ್ಕೆ ಹಣ್ಣು ಒಯ್ಯುವ ಹೋಂಸ್ಟೇಯವರು ಅಂಚಿನ ಸಾಲಿನದನ್ನಷ್ಟೇ ಆರಿಸಿಕೊಂಡು ‘ಇದು ಬೇರೆ ತಳಿನಾ?’ ಎಂದು ನಡುಸಾಲಿನದನ್ನು ಪಕ್ಕಕ್ಕಿಡುತ್ತಾರೆ. ಎಕರೆಗಟ್ಟಲೆ ಪಾಲಿಹೌಸ್ ಹಾಕಿದವರಿಗೆ ಅಂಚಿನ ಸಾಲು ಎಷ್ಟು ಸಿಗುತ್ತದೆ? ಒಳಗಿನದೆಲ್ಲ ನಡುಸಾಲೇ.

‘ಹಾಗಾದರೆ ಬಯಲಲ್ಲೇ ಬೆಳೆಯಿರಿ’ ಎಂದು ಯಾರಾದರೂ ಹೇಳಬಹುದು. ಕೋಲಾರದವರು ಹೇಳಿದರೆ ಸರಿ. ಬೇಲೂರು, ಆಲೂರು, ಸಕಲೇಶಪುರದ ಸೆರಗಿನಲ್ಲಿ ಜೂನ್‌ನಿಂದ ಸೋನೆ ಹಿಡಿದರೆ ಎಲೆ ಒಣಗುವುದೇ ಇಲ್ಲ. ಅಂಗಮಾರಿ ಎಂದರೆ ಏನೆಂದು ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕೇಳಿ, ಟೊಮೆಟೊಗೂ ಅದೇ ರೋಗ. ಶೀಟಿನ ಕೆಳಗೆ ಎಲೆ ಒಣಗಿರುತ್ತದೆ ಎಂದೇ ನಾವು ಪಾಲಿಹೌಸ್ ಹಾಕಿದ್ದು. ಮಳೆಗೆ ಶೀಟು ಬೇಕು, ಬಣ್ಣಕ್ಕೆ ಶೀಟು ಬೇಡ. ಮಧ್ಯದ ದಾರಿ ಇಲ್ಲದೆ ಇಲ್ಲ. ನಾಲ್ಕೂ ಕಡೆ ತೆರೆದು ಮೇಲೆ ಮಾತ್ರ ಶೀಟು ಹೊದಿಸಿದ ಮಳೆ ಮರೆ ಕಟ್ಟಿ, ಆಗಸ್ಟ್ ಕೊನೆಗೆ ನಾಟಿ ಮಾಡಿ, ಮಳೆ ನಿಂತ ಮೇಲೆ ಶೀಟು ಸುತ್ತಿಟ್ಟರೆ ನವೆಂಬರ್‌ನಿಂದ ಜನವರಿವರೆಗೆ ಹಣ್ಣು ಬಿಸಿಲಿನಲ್ಲೇ ಬಲಿಯುತ್ತದೆ. ನಮ್ಮ ಸೀಮೆಯ ತಣ್ಣನೆಯ ರಾತ್ರಿಯೂ ಬಣ್ಣಕ್ಕೆ ಅನುಕೂಲ. ಸೆಕೆ ಹೆಚ್ಚಿದರೆ ಆಂಥೋಸಯನಿನ್ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಪಾಲಿಹೌಸ್ ಒಳಗೆ 35 ಡಿಗ್ರಿ ದಾಟಿದ ಮೇಲೆ ಬಣ್ಣದ ಮಾತಿರಲಿ, ಹೂವೇ ಉದುರುತ್ತದೆ. ಆದರೆ ಮಳೆ ಮರೆಯನ್ನು ನಂಬಿ ಸಾಲ ಮಾಡಿದವರನ್ನು ನಾನು ಕಂಡಿಲ್ಲ, ಪಾಲಿಹೌಸ್ ನಂಬಿ ಸಾಲ ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರ ಮುಂದೆ ಈಗ ನೇರಳೆ ಟೊಮೆಟೊ ತೋರಿಸುತ್ತಿದ್ದಾರೆ.

ಪಾಲಿಹೌಸ್‌ನಲ್ಲಿ ಕೈಕೆಲಸ ಕಡಿಮೆ ಎಂದೂ ಬರೆದಿದ್ದಿರಿ. ಟೊಮೆಟೊ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ ನಿಜ, ಆದರೆ ಯಾರಾದರೂ ಅಲುಗಾಡಿಸಬೇಕು. ಬಯಲಲ್ಲಿ ಗಾಳಿ ಇದೆ, ಗುಂಯ್‌ಗುಟ್ಟುತ್ತ ಮೈ ನಡುಗಿಸಿ ಪರಾಗ ಉದುರಿಸುವ ದುಂಬಿಗಳಿವೆ. ನೆಟ್‌ನೊಳಗೆ ಎರಡೂ ಇಲ್ಲ. ಜೇನುಪೆಟ್ಟಿಗೆ ಇಟ್ಟರಾಯಿತು ಎನ್ನುವವರಿದ್ದಾರೆ, ತುಡುವೆ ಜೇನಿಗೆ ಹಾಗೆ ಹೂವು ನಡುಗಿಸುವ ವಿದ್ಯೆ ಬಾರದು. ಬೆಳಗಿನ ಮಂಜು ಆರಿ ಹೂವು ಒಣಗಿದ ಮೇಲೆ ಗಿಡ ಕಟ್ಟಿದ ದಾರವನ್ನು ಸಾಲುದ್ದಕ್ಕೂ ಕೋಲಿನಿಂದ ತಟ್ಟುತ್ತ ಹೋಗುವುದು ನಮ್ಮಲ್ಲಿ ದಿನದ ಕೆಲಸ. ಸರಿಯಾದ ಹೊತ್ತಿಗೆ ತಟ್ಟಿದರೆ ಓರೆಬಿಸಿಲಲ್ಲಿ ಹಳದಿ ಧೂಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಕೊಯ್ಲೂ ಸುಲಭವಲ್ಲ. ಕಾಯಿ ಹಸಿರಿದ್ದಾಗಲೇ ಮೇಲೆ ಕಪ್ಪಾಗುವುದರಿಂದ ಹಣ್ಣಾದದ್ದು ಗೊತ್ತಾಗುವುದಿಲ್ಲ. ಕಪ್ಪಿನ ಹೊಳಪು ಹೋಗಿ ಮಂಕಾಗಬೇಕು, ಪ್ರತಿ ಹಣ್ಣನ್ನೂ ಎತ್ತಿ ತಳ ನೋಡಬೇಕು, ಹಸಿರು ತಳ ಕೆಂಪಾಗಿದ್ದರೆ ಮಾತ್ರ ಕೊಯ್ಯಬೇಕು.

ಸೊರಗು ರೋಗದ ಬಗ್ಗೆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮೆಟೊ ದುಂಡಾಣು ಸೊರಗು, ಎಲೆ ಮುಟುರು, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯಲೆಂದೇ ಮಾಡಿದ್ದು. ಈ ನೇರಳೆ ತಳಿಗಳಿಗೆ ಆ ಶಕ್ತಿ ಇಲ್ಲ. ನಮ್ಮ ಹುಳಿ ಮಣ್ಣಿನಲ್ಲಿ ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಸುಂಡೆಕಾಯಿ ಬೇರಿನ ಮೇಲೆ ಕಸಿ ಕಟ್ಟಿದರೆ ತಡೆದುಕೊಳ್ಳುತ್ತದೆ. ಕಸಿ ಸಸಿಗೆ ದುಡ್ಡು ಜಾಸ್ತಿ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನೇರಳೆ ಟೊಮೆಟೊ ತಿಂದರೆ ಕ್ಯಾನ್ಸರ್ ದೂರ ಎಂಬ ಮಾತು. ವಾಟ್ಸ್ಆ್ಯಪ್‌ನಲ್ಲಿ ಸುತ್ತುವುದು 2008ರ ಒಂದು ಪ್ರಯೋಗ. ಕ್ಯಾನ್ಸರ್ ಬರುವಂತೆಯೇ ಹುಟ್ಟಿಸಿದ ಇಲಿಗಳಿಗೆ ನೇರಳೆ ಟೊಮೆಟೊ ಪುಡಿ ಬೆರೆಸಿದ ಆಹಾರ ಕೊಟ್ಟಾಗ ಅವು ಸರಾಸರಿ 182 ದಿನ ಬದುಕಿದವು, ಸಾದಾ ಆಹಾರ ತಿಂದವು 142 ದಿನ. ಆ ಪುಡಿ ಸ್ನಾಪ್‌ಡ್ರ್ಯಾಗನ್ ಜೀನ್ ಇರುವ ನಾರ್ವಿಚ್‌ನ ಟೊಮೆಟೊದ್ದು. ನಾವು ಬೆಳೆಯಬಹುದಾದ ತಳಿಯದ್ದಲ್ಲ, ತಿಂದವರು ಮನುಷ್ಯರೂ ಅಲ್ಲ. ಈ ಹೆಸರಲ್ಲಿ ಕಾಯಿಲೆಯವರ ಮನೆಗೆ ಹಣ್ಣು ಮಾರುವುದು ತಪ್ಪು. ಆಂಥೋಸಯನಿನ್ನೇ ಬೇಕಿದ್ದರೆ ಮುಂಗಾರಿನ ಹೊತ್ತಿಗೆ ರಸ್ತೆಬದಿಯ ನೇರಳೆ ಮರದಡಿ ಕಾಸಿಲ್ಲದೆ ಸಿಗುತ್ತದೆ. ಇಂಡಿಗೋ ರೋಸ್ ಹಾಕಿ ಸಾರು ಮಾಡಿದರೆ ಆಗುವುದು ಇಷ್ಟೇ: ಸಾರು ಎಂದಿನಂತೆ ಕೆಂಪು, ಕಪ್ಪು ಸಿಪ್ಪೆ ಮೇಲೆ ತೇಲುತ್ತದೆ, ಮನೆಯವರು ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ.

ಮಂಡಿಯ ಕಥೆ ಚಿಕ್ಕದು. ಕ್ರೇಟ್ ಇಳಿಸಿದ ಕೂಡಲೇ ದಲಾಲಿ ಕೇಳಿದ ಮೊದಲ ಪ್ರಶ್ನೆ, ‘ಯಾವ ಔಷಧಿ ಹೊಡೆದು ಹಿಂಗಾಯ್ತಮ್ಮ?’ ಈ ಹಣ್ಣಿಗೆ ಗಿರಾಕಿ ಇರುವುದು ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇ, ರೆಸಾರ್ಟುಗಳಲ್ಲಿ, ಅದೂ ಸಲಾಡ್‌ಗೆ, ಅದೂ ಕಿಲೋ ಲೆಕ್ಕದಲ್ಲಿ. ಊರಿಗಿಬ್ಬರು ಬೆಳೆದರೆ ಒಳ್ಳೆಯ ಬೆಲೆ, ಹೋಬಳಿಯೆಲ್ಲ ಬೆಳೆದರೆ ದನಕ್ಕೆ.

ಕೊನೆಗೆ ಕೇಳಿಕೊಳ್ಳುವುದು. ಮುಂದೆ ಇಂಥ ಬರಹ ಹಾಕುವಾಗ ತಳಿಯ ಹೆಸರು, ಶೀಟಿನಡಿಯೋ ಬಯಲೋ, ಯಾವ ತಿಂಗಳ ಹಣ್ಣು, ಕೊಂಡವರು ಯಾರು ಎಂಬುದನ್ನು ದಯವಿಟ್ಟು ಬರೆಯಿಸಿ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರು ಒಂದು ಹಂಗಾಮಿಗೆ ಸಾಮಾನ್ಯ ಶೀಟು, ಯುವಿ ಬಿಡುವ ಶೀಟು, ಬಯಲು, ಮೂರರಲ್ಲೂ ಒಂದೇ ಬೀಜ ಹಾಕಿ ರೈತರನ್ನು ಕರೆದು ತೋರಿಸಿದರೆ ನನ್ನ ಮಾತು ನಂಬಬೇಕಾದ ಅಗತ್ಯವೇ ಇರುವುದಿಲ್ಲ. ಸಸಿ ಬೇಕಿದ್ದರೆ ಸಾಮಾನ್ಯ ದರಕ್ಕೆ ನಾನೇ ಮಾಡಿಕೊಡುತ್ತೇನೆ. ಬೀಜ ಮಾರುವವರಿಗೆ ಪರವಾನಗಿ ಇರಬೇಕು, ಬಿಲ್ಲು ಕೊಡಬೇಕು ಎಂದು 1983ರ ಬೀಜ ನಿಯಂತ್ರಣ ಆದೇಶ ಹೇಳುತ್ತದೆ. ಮೊಬೈಲ್‌ನಲ್ಲಿ ಮಾರುವವರಿಗೂ ಅದನ್ನು ಅನ್ವಯಿಸುವ ಕೆಲಸ ಕೃಷಿ, ತೋಟಗಾರಿಕೆ ಇಲಾಖೆಯವರದು.

ನಾನಂತೂ ಬಿಲ್ಲು, ತಳಿಯ ಹೆಸರು ಎರಡೂ ಇಲ್ಲದ ಬೀಜವನ್ನು ಟ್ರೇಗೆ ಹಾಕುವುದು ನಿಲ್ಲಿಸಿದ್ದೇನೆ. ಆಗಸ್ಟ್ ನಾಟಿಗೆ ಜುಲೈನಲ್ಲೇ ಬೀಜ ಬಿತ್ತಬೇಕು, ಕಸಿಯಾದರೆ ಇನ್ನೂ ಮುಂಚೆ. ಈ ಪತ್ರ ಅದಕ್ಕೆ ಮೊದಲು ಅಚ್ಚಾದರೆ ಉಪಕಾರ.

ಇಂತಿ,
ನರ್ಸರಿ ನಡೆಸುವ ರೈತ ಮಹಿಳೆ
ಹಳೇಬೀಡು ಹೋಬಳಿ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ