ಅಪ್ಪನಿಗೆ ಮೂರು ಮರಗಳು

ದ ಹೇಗ್, ಭಾನುವಾರ ರಾತ್ರಿ

ಅಪ್ಪಾ, ನಮಸ್ಕಾರ.

ನಾನು ಆರಾಮಾಗಿದ್ದೇನೆ. ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ, ಅಮ್ಮನಿಗೆ ಹೇಳಿ.

ನಿನ್ನೆ ಇಲ್ಲಿನ ಕಲಾ ಮ್ಯೂಸಿಯಂ ಕುನ್ಸ್ಟ್‌ಮ್ಯೂಸಿಯಂಗೆ ಹೋಗಿದ್ದೆ. ಡಚ್ ಚಿತ್ರಕಾರ ಮೊಂಡ್ರಿಯಾನ್ ಬರೆದ ಚಿತ್ರಗಳು ಅಲ್ಲಿ 300ರ ಹತ್ತಿರ ಇವೆ. ಅವನ ಕಪ್ಪು ಗೆರೆ, ಕೆಂಪು ಹಳದಿ ಚೌಕ ನೋಡಿ ನೀವು ‘ಸ್ಕೇಲ್ ಇಟ್ಕೊಂಡು ಯಾರು ಬೇಕಾದ್ರೂ ಎಳೀತಾರೆ’ ಅಂದಿದ್ದಿರಿ, ನೆನಪಿದೆಯಾ? ಆಗ ನನಗೆ ಉತ್ತರ ಗೊತ್ತಿರಲಿಲ್ಲ.

ಅವನ ಅಪ್ಪನೂ ನಿಮ್ಮ ಹಾಗೇ ಡ್ರಾಯಿಂಗ್ ಕಲಿಸುವ ಮೇಷ್ಟ್ರು. ಶುರುವಿನಲ್ಲಿ ಅವನು ಬರೆದದ್ದು ಗಾಳಿಯಂತ್ರ, ತೋಟದ ಮನೆ, ಹೊಳೆದಂಡೆಯ ಮರ, ಎಲ್ಲ ನಿಮಗೆ ಇಷ್ಟವಾಗುವಂಥವೇ. ಆಮೇಲೆ ಮರವನ್ನೇ ಹಿಡಿದುಕೊಂಡ. 1908ರಲ್ಲಿ ಶುರು ಮಾಡಿದ್ದು ಕೆಂಪು ಮರ, ಹಿಂದೆಲ್ಲ ನೀಲಿ, ರೆಂಬೆಗಳು ಹೊತ್ತಿಕೊಂಡ ಹಾಗಿವೆ. 1911ರ ಮರ ಪೂರ್ತಿ ಬೂದಿ ಬಣ್ಣ. ಅದೇ ವರ್ಷ ಆಂಸ್ಟರ್‌ಡ್ಯಾಮಿನಲ್ಲಿ ಪ್ಯಾರಿಸ್ಸಿನ ಚಿತ್ರಕಾರರಾದ ಪಿಕಾಸೊ, ಬ್ರಾಕ್ ಅವರ ಚಿತ್ರಗಳನ್ನು ನೋಡಿದ, ತಡೆಯಲಾಗದೆ ಪ್ಯಾರಿಸ್ಸಿಗೇ ಹೋಗಿಬಿಟ್ಟ. 1912ರದ್ದಕ್ಕೆ ‘ಹೂಬಿಟ್ಟ ಸೇಬಿನ ಮರ’ ಅಂತ ಹೆಸರು, ಆದರೆ ಹೂವಿಲ್ಲ, ಎಲೆಯಿಲ್ಲ, ಬರೀ ಬಾಗಿದ ಗೆರೆಗಳು. ಆ ಗೆರೆಗಳೇ ಮುಂದೆ ಹತ್ತು ವರ್ಷದೊಳಗೆ ನೆಟ್ಟಗಾದದ್ದು ಅಪ್ಪಾ! ಸ್ಕೇಲಿಗಿಂತ ಮುಂಚೆ ಅಲ್ಲೊಂದು ಮರ ಇತ್ತು.

ಕೊನೆಯ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತೆ. ‘ವಿಕ್ಟರಿ ಬೂಗಿ ವೂಗಿ’, ನ್ಯೂಯಾರ್ಕಿನಲ್ಲಿ ಬರೆದದ್ದು. ಅಷ್ಟು ವರ್ಷ ಬಿಡದ ಕಪ್ಪು ಗೆರೆಗಳನ್ನೇ ಅದರಲ್ಲಿ ಬಿಟ್ಟುಬಿಟ್ಟಿದ್ದಾನೆ, ಎಲ್ಲ ಪುಟ್ಟ ಪುಟ್ಟ ಬಣ್ಣದ ಚೌಕಗಳು, ಜಾತ್ರೆಯ ಹಾಗೆ. ಚಿತ್ರ ಮುಗಿದಿಲ್ಲ. ಬಣ್ಣದ ಟೇಪಿನ ತುಂಡುಗಳನ್ನು ಅಂಟಿಸಿ, ಕಿತ್ತು, ಜಾಗ ಬದಲಿಸಿ ನೋಡುತ್ತಿದ್ದ. ಆ ತುಂಡುಗಳು ಇನ್ನೂ ಹಾಗೇ ಅಂಟಿಕೊಂಡಿವೆ. 1944ರ ಫೆಬ್ರವರಿ 1ರಂದು ತೀರಿಕೊಂಡ, 71 ವರ್ಷ.

ನಿಮಗೆ ಇನ್ನೂ 63. ರಿಟೈರ್ ಆದ ಮೇಲೆ ‘ಇನ್ನು ಹೊಸದೇನು ಬರೆಯೋದು’ ಅಂತ ಬ್ರಶ್ಶಿನ ಡಬ್ಬ ಅಟ್ಟಕ್ಕೆ ಹಾಕಿದಿರಲ್ಲ, ಅಲ್ಲಿ ನಿಂತಾಗ ಅದೇ ನೆನಪಾಗಿ ಕಣ್ಣು ತುಂಬಿತು.

ಮೂರೂ ಮರಗಳ ಕಾರ್ಡ್ ಕಳಿಸುತ್ತಿದ್ದೇನೆ. ಹಿಂದೆ ಪೆನ್ಸಿಲಿನಲ್ಲಿ 1, 2, 3 ಅಂತ ಬರೆದಿದ್ದೇನೆ, ಅದೇ ಸಾಲಿನಲ್ಲಿ ಜೋಡಿಸಿ ಅಮ್ಮನಿಗೂ ತೋರಿಸಿ. ಜೊತೆಗೊಂದು ಖಾಲಿ ಕಾರ್ಡೂ ಇದೆ. ಅದರಲ್ಲಿ ನಮ್ಮ ಹಿತ್ತಿಲ ಹುಣಸೆಮರ ಬರೆದು ನನಗೆ ವಾಪಸ್ ಕಳಿಸಿ, ಹೇಗೆ ಬಂದರೂ ಸರಿ.

ನಿಮ್ಮ ಮಗಳು