ರೋಗಿಯ ಪಾತ್ರ ವಹಿಸಿದವರಿಗೆ

ಆಸ್ಪತ್ರೆಗಳಲ್ಲಿ ದುಡಿಯುವವರಿಗೆಂದೇ ರೂಪಿಸಿರುವ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ನನ್ನ ಫಲಿತಾಂಶ ಕಳೆದ ವಾರ ಬಂದಿದೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಆಲಿಸುವಿಕೆ, ಓದು, ಮಾತು ಈ ಮೂರರಲ್ಲಿ 500ಕ್ಕೆ ಕನಿಷ್ಠ 350 ಅಂಕಗಳ ಬಿ ಶ್ರೇಣಿಯೂ ಬರವಣಿಗೆಯಲ್ಲಿ 300 ಅಂಕಗಳ ಸಿ ಪ್ಲಸ್ ಶ್ರೇಣಿಯೂ ಬೇಕು. ನನಗೆ ನಾಲ್ಕೂ ದಕ್ಕಿವೆ. ವೃತ್ತಿಜ್ಞಾನದ ಕಂಪ್ಯೂಟರ್ ಪರೀಕ್ಷೆ ಇನ್ನೂ ಮುಂದಿದೆ, ಅದು ಮುಗಿದ ಮೇಲೆ ಅಲ್ಲಿಗೇ ಹೋಗಿ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆಯೂ ಇದೆ, ಹೀಗಾಗಿ ಊರು ಬಿಡುವ ಮಾತು ಸದ್ಯಕ್ಕಿಲ್ಲ. ಆದರೆ ನೆರವಾದವರ ಋಣವನ್ನು ಹೇಳಿಕೊಳ್ಳಲು ಅಲ್ಲಿಯವರೆಗೆ ಕಾಯುವುದು ಸರಿಯಲ್ಲವೆನಿಸಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಮೂವರಿಗೆ ಕನ್ನಡ ಬಾರದು. ಅವರಿಗೆ ಹೇಳಬೇಕಾದದ್ದನ್ನು ನಾವು ಒಟ್ಟಿಗೆ ಕಲಿತ ಇಂಗ್ಲಿಷಿನಲ್ಲಿಯೇ ಹೇಳಿದ್ದೇನೆ. ಅವರು ಮಾಡಿದ ಉಪಕಾರ ಎಂಥದ್ದೆಂದು ನನ್ನವರಿಗೂ ತಿಳಿದಿರಲಿ ಎಂಬುದು ಈ ಬರಹದ ಉದ್ದೇಶ.

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಜಗಳೂರು ತಾಲ್ಲೂಕಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದೇ ಐದನೆಯ ತರಗತಿಯಿಂದ. ನಮ್ಮ ಮೇಷ್ಟ್ರು ಕಪ್ಪುಹಲಗೆಯ ತುಂಬ ಭೂತ, ವರ್ತಮಾನ, ಭವಿಷ್ಯತ್ಕಾಲಗಳ ಕೋಷ್ಟಕ ಬರೆದು, ಪ್ರತಿ ಸೋಮವಾರ ಅದನ್ನು ಒಪ್ಪಿಸುವಂತೆ ಮಾಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಮಾತನಾಡಿದ್ದನ್ನು ನಾವು ಕೇಳಿದವರಲ್ಲ. ಆದರೂ ಬರವಣಿಗೆಯ ಪರೀಕ್ಷೆಯಲ್ಲಿ ನನ್ನ ಕೈ ಹಿಡಿದದ್ದು ಆ ಕೋಷ್ಟಕವೇ ಆದ್ದರಿಂದ ಮೊದಲ ನಮಸ್ಕಾರ ಅವರಿಗೆ ಸಲ್ಲಬೇಕು. ದಾವಣಗೆರೆಗೆ ಬಂದು ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸಿಗೆ ಸೇರಿದಾಗ ಪುಸ್ತಕವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿದ್ದವು, ಬಾಯಿಪಾಠದ ಬಲದಿಂದ ದಾಟಿದೆವು. ವಾರ್ಡಿಗೆ ಬಂದ ಮೇಲೆ ನಾವಾಡುವ ಮಾತಿನಲ್ಲಿ ವಸ್ತುಗಳ ಹೆಸರೆಲ್ಲ ಇಂಗ್ಲಿಷಿನವು, ಕ್ರಿಯಾಪದಗಳೆಲ್ಲ ಕನ್ನಡದವು. ‘ಡ್ರಿಪ್ ಖಾಲಿಯಾಗಿದೆ ನೋಡಿ, ಬಿಪಿ ಚೆಕ್ ಮಾಡಿ ಚಾರ್ಟಿಗೆ ಹಾಕಿ’ ಎಂಬಲ್ಲಿಗೆ ದಿನದ ಇಂಗ್ಲಿಷ್ ಮುಗಿಯುತ್ತದೆ. ಹೆದರಿದ ರೋಗಿಯನ್ನು ಇಂಗ್ಲಿಷಿನಲ್ಲಿ ಸಮಾಧಾನಪಡಿಸುವ ಪ್ರಸಂಗ ನಮ್ಮ ಜಿಲ್ಲೆಯ ನರ್ಸಿಗೆ ಬರುವುದೇ ಅಪರೂಪ.

ಓಇಟಿಯ ಮಾತಿನ ಪರೀಕ್ಷೆ ಕೇಳುವುದು ಅದನ್ನೇ. ಅದು ಸುಮಾರು 20 ನಿಮಿಷಗಳದ್ದು. ಮೊದಲಿನ ಲೋಕಾಭಿರಾಮಕ್ಕೆ ಅಂಕವಿಲ್ಲ. ಅನಂತರ ಒಂದಾದ ಮೇಲೊಂದರಂತೆ ಎರಡು ಪ್ರಸಂಗಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಕಾರ್ಡ್ ಕೊಟ್ಟು, ಓದಿಕೊಳ್ಳಲು 3 ನಿಮಿಷ, ನಡೆಸಿಕೊಡಲು ಸುಮಾರು 5 ನಿಮಿಷ ಕೊಡುತ್ತಾರೆ. ನಾವು ನರ್ಸ್, ಎದುರಿನವರು ರೋಗಿ ಅಥವಾ ರೋಗಿಯ ಕಡೆಯವರು. ವ್ಯಾಕರಣಕ್ಕೆ, ಉಚ್ಚಾರಣೆಗೆ, ತಡವರಿಸದೆ ಮಾತನಾಡುವುದಕ್ಕೆ ಅಂಕಗಳಿರುವ ಹಾಗೆಯೇ, ರೋಗಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ ತಿಳಿದುಕೊಂಡೆವೇ, ವಿಷಯವನ್ನು ಅವನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದೆವೇ ಎಂಬುದಕ್ಕೂ ಅಂಕಗಳಿವೆ. ಇದನ್ನು ಕನ್ನಡಿಯ ಮುಂದೆ ನಿಂತು ಒಬ್ಬಳೇ ಕಲಿಯಲು ಬರುವುದಿಲ್ಲ. ಎದುರಿಗೆ ಒಬ್ಬರು ಬೇಕು. ಅವರು ತಾಳ್ಮೆಯಿಂದ ಕಾಯಿಲೆಯವರಾಗಬೇಕು.

ಅಂಥವರು ಊರಿನಲ್ಲಿಯೇ ಸಿಗಬಹುದಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಸಿಗಬಹುದಿತ್ತು, ಆದರೆ ನನಗೆ ಬಾಯಿ ಬರುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ, ಅವರು ಏನು ಹೇಳುತ್ತಿದ್ದಾರೆಂಬುದಕ್ಕಿಂತ ಮೊದಲು, ಕಾನ್ವೆಂಟಿನಲ್ಲಿ ಓದಿದವರೋ ಸರ್ಕಾರಿ ಶಾಲೆಯಲ್ಲಿ ಓದಿದವರೋ, ಪೇಟೆಯವರೋ ಹಳ್ಳಿಯವರೋ, ಅಪ್ಪ ಏನು ಮಾಡುತ್ತಿದ್ದರು ಎಂಬುದೆಲ್ಲ ಕೇಳುವವರ ಕಿವಿಗೆ ತಲುಪಿಬಿಡುತ್ತದೆ. ಯಾರೂ ನಗದಿದ್ದರೂ ನಕ್ಕರೇನೋ ಎಂಬ ಅಳುಕು ನಾಲಿಗೆಯನ್ನು ಕಟ್ಟಿಹಾಕುತ್ತದೆ. ತರಬೇತಿ ಕೇಂದ್ರವೊಂದಕ್ಕೆ ಶುಲ್ಕ ಕಟ್ಟಿಯೂ ನೋಡಿದೆ. ಅಲ್ಲಿಂದ ಬಂದದ್ದು ಮೊದಲೇ ಮಾಡಿಟ್ಟ ವಿಡಿಯೊಗಳು ಮಾತ್ರ, ಎದುರಿಗೆ ಮಾತನಾಡುವ ಮನುಷ್ಯರಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ.

ಇದೇ ಪರೀಕ್ಷೆಗೆ ಓದುತ್ತಿದ್ದ, ಇಂಗ್ಲಿಷ್ ನನ್ನಷ್ಟೇ ಹೊರಗಿನದಾಗಿದ್ದ ಮೂವರು ಟೆಲಿಗ್ರಾಂನಲ್ಲಿ ಜೊತೆಯಾದರು. ನೇಪಾಳದ ಭರತ್‌ಪುರದ ಒಬ್ಬ ಸಹೋದರಿ, ಮ್ಯಾನ್ಮಾರಿನ ಮಂಡಾಲೆಯ ಇನ್ನೊಬ್ಬ ಸಹೋದರಿ, ಜೋರ್ಡಾನಿನ ಅಮ್ಮಾನ್ ನಗರದ ಒಬ್ಬ ಸಹೋದರ; ಎಲ್ಲರೂ ನರ್ಸ್‌ಗಳೇ. ನಮ್ಮಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಭರತ್‌ಪುರದಲ್ಲಿ ಒಂಬತ್ತು ಮುಕ್ಕಾಲು, ಮಂಡಾಲೆಯಲ್ಲಿ ಹತ್ತೂವರೆ, ಅಮ್ಮಾನಿನಲ್ಲಿ ಸಂಜೆ ಏಳು. ಪಾಳಿ ಮುಗಿಸಿ, ಮನೆಯ ಕೆಲಸ ತೀರಿಸಿ, ನಾಲ್ವರೂ ಕೂಡಬಹುದಾಗಿದ್ದ ಹೊತ್ತು ಅದೊಂದೇ. ಮಂಡಾಲೆಗೂ ಅಮ್ಮಾನಿಗೂ ಜಗಳೂರು ಎಲ್ಲಿದೆ, ಬೆಂಗಳೂರು ಎಲ್ಲಿದೆ ಎಂಬ ಭೇದವಿಲ್ಲ. ನನ್ನ ಇಂಗ್ಲಿಷಿನಿಂದ ಅವರು ನನ್ನ ಶಾಲೆಯನ್ನಾಗಲಿ ಮನೆತನವನ್ನಾಗಲಿ ಊಹಿಸಲಾರರು. ನಾನೂ ಅವರದನ್ನು ಊಹಿಸಲಾರೆ. ಹೇಳಿದ್ದು ಅರ್ಥವಾಯಿತೇ ಇಲ್ಲವೇ ಎಂಬುದೊಂದೇ ನಮ್ಮ ನಡುವಿನ ಅಳತೆಗೋಲಾಗಿತ್ತು. ನನ್ನ ನಾಲಿಗೆಯ ಕಟ್ಟು ಬಿಚ್ಚಿದ್ದು ಅಲ್ಲಿ. ಇದಕ್ಕಾಗಿ ನಾನು ಅವರಿಗೆ ಎಷ್ಟು ಕೃತಜ್ಞಳೆಂದರೆ, ಮುಂದೆ ಹೇಳುವ ಉಪಕಾರಗಳೆಲ್ಲ ಇದರ ನಂತರದವು.

ಉಚ್ಚಾರಣೆಯ ತೊಡಕು ಒಬ್ಬೊಬ್ಬರಿಗೆ ಒಂದೊಂದು ಬಗೆಯದು. ಅರಬ್ಬಿಯಲ್ಲಿ ‘ಪ’ಕಾರವಿಲ್ಲದ್ದರಿಂದ ಅಮ್ಮಾನಿನ ಸಹೋದರರ ಬಾಯಲ್ಲಿ ಪೇಷಂಟ್ ಎಂಬುದು ಬೇಷಂಟ್ ಆಗುತ್ತಿತ್ತು. ಮಂಡಾಲೆಯ ಸಹೋದರಿ ಪದದ ಕೊನೆಯ ವ್ಯಂಜನವನ್ನು ನುಂಗುತ್ತಿದ್ದರು. ನಾನು ಅದೇ ವ್ಯಂಜನಕ್ಕೆ ಒಂದು ಉಕಾರ ಸೇರಿಸಿ ಬೆಡ್ಡು, ಶೀಟು ಎನ್ನುತ್ತಿದ್ದೆ. ಅವರು ಬಿಟ್ಟದ್ದನ್ನು ನಾನು ಎರಡರಷ್ಟು ತುಂಬಿಕೊಡುತ್ತೇನೆಂದು ಭರತ್‌ಪುರದ ಸಹೋದರಿ ತಮಾಷೆ ಮಾಡುತ್ತಿದ್ದರು. ಲೋಕಾಭಿರಾಮದ ಅಭ್ಯಾಸಕ್ಕೆಂದು ಒಮ್ಮೆ ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿಯನ್ನು ವರ್ಣಿಸುತ್ತಿದ್ದಾಗ, ತಮ್ಮಲ್ಲಿಯೂ ಮಂಡಕ್ಕಿಗೆ ಈರುಳ್ಳಿ, ಖಾರ, ನಿಂಬೆರಸ ಬೆರೆಸಿ ಚಟ್‌ಪಟೆ ಮಾಡುವರೆಂದು ಅವರು ಹೇಳಿದರು. ಆ ರಾತ್ರಿ ಇನ್ಯಾವ ಪ್ರಸಂಗವೂ ನಡೆಯಲಿಲ್ಲ, ಯಾರಿಗೂ ಬೇಸರವೂ ಆಗಲಿಲ್ಲ.

ಆದರೆ ಮಂಡಾಲೆಯ ಸಹೋದರಿ ನನಗೆ ಕಲಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇನ್ಸುಲಿನ್ ಬೇಡವೆನ್ನುವ ಮಧುಮೇಹಿಯ ಮನವೊಲಿಸುವ ಕಾರ್ಡ್ ಅಂದು ನನ್ನ ಪಾಲಿಗೆ ಬಂದಿತ್ತು, ಅವರು ರೋಗಿಯಾಗಿದ್ದರು. ಕಾರ್ಡಿನಲ್ಲಿ ಇಲ್ಲದ ಮಾತೊಂದನ್ನು ಅವರು ನಡುವೆ ತಂದರು: ಪಕ್ಕದ ಮನೆಯವರು ಇನ್ಸುಲಿನ್ ಶುರು ಮಾಡಿದ ಮೇಲೆ ಕಾಲು ಕಳೆದುಕೊಂಡರಂತೆ. ಈ ಮಾತು ನನಗೆ ಹೊಸದಲ್ಲ. ಹರಪನಹಳ್ಳಿ ಕಡೆಯಿಂದ ಬರುವ ಅಜ್ಜಂದಿರು ‘ಸೂಜಿ ಹಿಡಿಸಿದ್ರು ಅಂದ್ರ ಮುಗೀತು ಬಿಡವ್ವ’ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕನ್ನಡದಲ್ಲಾದರೆ ‘ಏನೂ ಆಗೋದಿಲ್ಲ ಅಜ್ಜ, ಸುಮ್ನೆ ತಗೊಳ್ರಿ’ ಎಂದು ಮುಂದಿನ ಮಂಚಕ್ಕೆ ಹೋಗುವುದು ವಾರ್ಡಿನ ವಾಡಿಕೆ. ಇಂಗ್ಲಿಷಿನಲ್ಲಿ ಹಾಗೆ ಹೇಳಲು ಹೊರಟರೆ ಅದು ಗದರಿದ ಹಾಗೆ ಕೇಳಿಸಿತು. ಅವರು ರೋಗಿಯ ಪಾತ್ರದಲ್ಲಿಯೇ ಉಳಿದು, ಉತ್ತರ ಕೊಡದೆ ಸುಮ್ಮನಿದ್ದರು. ಆಮೇಲೆ ಪಾತ್ರವನ್ನು ಬಿಟ್ಟು ಮೆಲ್ಲಗೆ, ಆ ಪಕ್ಕದ ಮನೆಯವರಿಗೆ ಏನಾಯಿತೆಂದು ಮೊದಲು ನನ್ನನ್ನು ಕೇಳಿ ಎಂದರು. ಕೇಳಿದೆ. ಅವರಿಗೆ ಹಲವು ವರ್ಷ ಸಕ್ಕರೆ ಹತೋಟಿಯಲ್ಲಿರಲಿಲ್ಲ, ಪಾದದ ಹುಣ್ಣು ಮಾಗಿರಲಿಲ್ಲ, ಇನ್ಸುಲಿನ್ ಕೊಟ್ಟದ್ದು ಕೊನೆಗೆ ಎಂಬುದು ಒಂದೊಂದಾಗಿ ಹೊರಬಂತು. ಕಾಲು ಹೋದದ್ದು ಇನ್ಸುಲಿನ್ನಿನಿಂದಲ್ಲ, ಬಹುಕಾಲ ಏರಿದ ಸಕ್ಕರೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸಿದ್ದರಿಂದ ಎಂದು ವಿವರಿಸಲು ಆಗ ನನಗೆ ದಾರಿ ಸಿಕ್ಕಿತು. ಹೇಳಬೇಕಾದ ವಾಕ್ಯಗಳು ಸಣ್ಣವು, ನನಗೆ ಬರುವಂಥವೇ ಆಗಿದ್ದವು.

ಈ ಸಹೋದರಿಯ ಊರು 2025ರ ಮಾರ್ಚ್ 28ರ ಭೂಕಂಪಕ್ಕೆ ಸಿಕ್ಕಿತು. ಅವರಿಂದ ಸುದ್ದಿಯಿಲ್ಲದ ಆ ದಿನಗಳಲ್ಲಿ ನಾವು ಮೂವರು ಯಾವ ಕಾರ್ಡನ್ನೂ ತೆರೆಯಲಿಲ್ಲ. ಮತ್ತೆ ಸೇರಿಕೊಂಡಾಗ ಅವರು ತಮ್ಮ ಕಷ್ಟದ ಬಗ್ಗೆ ಹೇಳಿದ್ದು ಕಡಿಮೆ. ಕರೆಂಟ್ ಇದ್ದಾಗ ಮೊಬೈಲ್ ಚಾರ್ಜ್ ಮಾಡಿಟ್ಟುಕೊಂಡು ನಮ್ಮೊಡನೆ ಕೂಡುತ್ತಿದ್ದರು. ಅವರ ಎದುರಿಗೆ ನನ್ನ ಪಾಳಿಯ ಆಯಾಸದ ಮಾತನ್ನು ಎತ್ತಲು ನನಗೆ ನಾಚಿಕೆಯಾಗುತ್ತಿತ್ತು.

ಬರವಣಿಗೆಯಲ್ಲಿ ಭರತ್‌ಪುರದ ಸಹೋದರಿಯೇ ನನಗೆ ಗುರು. ರೋಗಿಯೊಬ್ಬರ ಟಿಪ್ಪಣಿಗಳನ್ನು 5 ನಿಮಿಷ ಓದಿ, ಮುಂದಿನ 40 ನಿಮಿಷಗಳಲ್ಲಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಸುಮಾರು 180ರಿಂದ 200 ಪದಗಳ ಪತ್ರ ಬರೆಯಬೇಕು. ಟಿಪ್ಪಣಿಯಲ್ಲಿ ಇರುವುದೆಲ್ಲ ಪತ್ರದಲ್ಲಿ ಇರಬಾರದು ಎಂಬಲ್ಲಿಯೇ ಪರೀಕ್ಷೆ ಇದೆ. ಎಂದೋ ಆದ ಅಪೆಂಡಿಕ್ಸ್ ಆಪರೇಷನ್ನು, ಮನೆಗೆ ಬಂದು ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ನರ್ಸಿಗೆ ಬೇಕಿಲ್ಲ. ರೋಗಿ ಒಬ್ಬಂಟಿಯಾಗಿ ಮಹಡಿಯ ಮನೆಯಲ್ಲಿದ್ದಾರೆ ಎಂಬುದು ಬೇಕು. ನನ್ನ ಪತ್ರಗಳ ಫೋಟೊ ಕಳುಹಿಸಿದರೆ, ತೆಗೆಯಬೇಕಾದ ಸಾಲುಗಳ ಕೆಳಗೆ ಅವರು ಕೆಂಪು ಗೆರೆ ಎಳೆದು ಮರಳಿಸುತ್ತಿದ್ದರು. ವಾಕ್ಯ ತಪ್ಪಿಲ್ಲದಿದ್ದರೂ ಗೆರೆ ಬೀಳುತ್ತಿತ್ತು. ಇದನ್ನು ಓದುವವರಿಗೆ ಇದರಿಂದ ಏನು ಪ್ರಯೋಜನ ಎಂಬ ಒಂದೇ ಪ್ರಶ್ನೆ ಅಂಚಿನಲ್ಲಿರುತ್ತಿತ್ತು. ಹಾಳೆಯ ಮೂಲೆಯಲ್ಲಿ ಸಮಯ ಗುರುತಿಸುತ್ತಿದ್ದವರು ನನ್ನ ಯಜಮಾನರು. ಎಪಿಎಂಸಿಯ ಮಂಡಿಯಲ್ಲಿ ಇಡೀ ದಿನ ಲೆಕ್ಕ ಬರೆದು ಬಂದು, ರಾತ್ರಿ ಗಡಿಯಾರ ಹಿಡಿದು ಕೂತ ಅವರಿಗೂ, ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ‘ನೀನು ಮಾತಾಡ್ಕೋ ಹೋಗು’ ಎಂದು ನನ್ನನ್ನು ಮಾಳಿಗೆಗೆ ಕಳಿಸುತ್ತಿದ್ದ ಅತ್ತೆಯವರಿಗೂ ಇಲ್ಲಿ ಎರಡು ಸಾಲು ಬರೆದು ಋಣ ತೀರಿಸುವ ಭ್ರಮೆ ನನಗಿಲ್ಲ.

ಆಲಿಸುವಿಕೆಯ ಪರೀಕ್ಷೆಯಲ್ಲಿ 42 ಪ್ರಶ್ನೆಗಳು. ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಬ್ರಿಟಿಷ್, ಆಸ್ಟ್ರೇಲಿಯನ್ ಉಚ್ಚಾರಣೆ ಕಿವಿಗೆ ಹಿಡಿಯುವವರೆಗೆ ನನಗೆ ನೆರವಾದದ್ದು ರೇಡಿಯೊ ಪರಂಪರೆಯ ಪಾಠಗಳು. ಬಿಬಿಸಿಯವರು ರೇಡಿಯೊ ಮೂಲಕ ಇಂಗ್ಲಿಷ್ ಕಲಿಸಲು ಆರಂಭಿಸಿದ್ದು 1943ರಲ್ಲಿ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸುಮಾರು 1500 ಪದಗಳಷ್ಟನ್ನೇ ಬಳಸಿ, ನಿಧಾನವಾಗಿ ಓದುವ ವಾರ್ತೆಯನ್ನು ಶುರು ಮಾಡಿತು. ನಿಟ್ಟುವಳ್ಳಿಯಿಂದ ಆಸ್ಪತ್ರೆಗೆ ನಡೆದುಹೋಗುವಾಗ ಅಂಥ ನಿಧಾನದ ಪಾಠಗಳಿಂದ ಮೊದಲು ಮಾಡಿ, ಬಿಬಿಸಿಯ ಆರು ನಿಮಿಷದ ಸಂಭಾಷಣೆಗಳಿಗೆ ಬಂದೆ. ದುಡ್ಡು ಕೇಳದೆ ಇಷ್ಟನ್ನು ಕೊಟ್ಟ, ಹೆಸರು ತಿಳಿಯದ ಆ ದನಿಗಳಿಗೂ ವಂದನೆಗಳು.

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಪರೀಕ್ಷೆಯ ಹಿಂದಿನ ವಾರ ನನ್ನ ರಾತ್ರಿ ಪಾಳಿಗಳನ್ನು ತಾವೇ ಹೊಂದಿಸಿಕೊಟ್ಟರು. ಕೇರಳದ ಸಹೋದ್ಯೋಗಿಯೊಬ್ಬರು ತಾವು ಓದಿದ ಪುಸ್ತಕಗಳನ್ನು ಹಾಗೆಯೇ ತಂದುಕೊಟ್ಟು, ಮರಳಿಸುವುದು ಬೇಡ, ಮುಂದಿನವರಿಗೆ ಕೊಡಿ ಎಂದರು. ಇನ್ನೊಂದು ಮಾತನ್ನು ಈ ಇಬ್ಬರಿಗೂ ಹೇಳಬೇಕೆನಿಸಿದೆ. ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ರೂಢಿ ಮಾಡಿಕೊಂಡದ್ದು ನನಗೆ ಗೊತ್ತಿಲ್ಲದೆಯೇ ನನ್ನ ಕನ್ನಡಕ್ಕೂ ಬಂದಿದೆ. ಈಗ ಸೂಜಿ ಬೇಡವೆನ್ನುವ ಅಜ್ಜನ ಮಂಚದ ಬಳಿ ಸ್ಟೂಲ್ ಎಳೆದುಕೊಂಡು, ‘ಯಾರಿಗೇನಾಯ್ತಜ್ಜ, ಯಾಕ ಹೆದರ್ತೀರಿ?’ ಎಂದು ಕೇಳುತ್ತೇನೆ. ಹೆಚ್ಚೆಂದರೆ ಐದು ನಿಮಿಷ ಹಿಡಿಯುತ್ತದೆ. ವಾರ್ಡ್ ತುಂಬಿರುವಾಗ ಆ ಐದು ನಿಮಿಷ ಸುಲಭವಾಗಿ ಸಿಗುವುದಿಲ್ಲವೆಂಬುದೂ ನಿಜ.

ಭರತ್‌ಪುರದ ಸಹೋದರಿಯದು ನನಗಿಂತ ಮೊದಲೇ ಮುಗಿದಿದೆ. ಮಂಡಾಲೆಯವರದೂ ಅಮ್ಮಾನಿನವರದೂ ಪರೀಕ್ಷೆ ಇನ್ನೂ ಆಗಬೇಕಾಗಿರುವುದರಿಂದ, ಅವರಿಬ್ಬರದು ಮುಗಿಯುವವರೆಗೆ ನಮ್ಮ ಒಂಬತ್ತೂವರೆಯ ಕೂಟ ನಡೆಯುತ್ತದೆ. ದಾವಣಗೆರೆ, ಚಿತ್ರದುರ್ಗ ಕಡೆಯ ನರ್ಸ್‌ಗಳು ಯಾರಾದರೂ ಈ ಪರೀಕ್ಷೆಗೆ ಓದುತ್ತಿದ್ದರೆ, ಇಂಗ್ಲಿಷ್ ಎಷ್ಟು ಬರುತ್ತದೆಂದು ಸಂಕೋಚಪಡದೆ ನನಗೆ ಸಂದೇಶ ಕಳುಹಿಸಿ; ರಾತ್ರಿ ಪಾಳಿಯಿಲ್ಲದ ದಿನಗಳಲ್ಲಿ ನಿಮಗೂ ನಾನು ರೋಗಿಯಾಗಬಲ್ಲೆ. ಈ ವಾರದ ಕಾರ್ಡಿನ ಪ್ರಕಾರ ನನಗೆ ಮಂಡಿನೋವು, ಮತ್ತು ನಾನು ವ್ಯಾಯಾಮ ಮಾಡಲು ಖಡಾಖಂಡಿತವಾಗಿ ಒಪ್ಪುವುದಿಲ್ಲ.